ಕರೆಂಟ್ ಹೋದಾಗ ಕಟ್ಟಿದ ವಿಮಾನ

ನಮ್ಮ ಮನೆಯಲ್ಲಿ ವಿಮಾನ ಕಟ್ಟಬೇಕೆಂದರೆ ಮೊದಲು ಕರೆಂಟ್ ಹೋಗಬೇಕಿತ್ತು. ಕರೆಂಟ್ ಇದ್ದರೆ ಮಗ್ಗ ನಡೆಯುತ್ತವೆ, ಮಗ್ಗ ನಡೆದರೆ ಗಂಡಸರ ಕೈ ಖಾಲಿ ಇರುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅದರಾಚೆ ಪವರ್‌ಲೂಮುಗಳು ಖಟಖಟ ಎಂದು ಸೀರೆ ನೇಯುತ್ತಿದ್ದರೆ ಈಚೆ ಅಡುಗೆಮನೆಯ ಡಬ್ಬಿಯಲ್ಲಿಟ್ಟ ಚಮಚಗಳೂ ತಾಳ ಹಾಕುತ್ತವೆ. ಕರೆಂಟ್ ಹೋದ ಕೂಡಲೇ ಓಣಿಗೆ ಓಣಿಯೇ ಗಪ್ಪಾಗುತ್ತದೆ. ಆಗ ಮಾವನವರು ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದು, ಎಲ್ಲಿ ನಿನ್ನ ಇಮಾನ, ತಗೀಯವ್ವಾ ಎನ್ನುತ್ತಿದ್ದರು.

ವಿಮಾನವೆಂದರೆ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ. ತೆಳು ಫೋಮಿನ ರೆಕ್ಕೆ, ಮೂತಿಗೆ ಹೆಬ್ಬೆರಳಿನ ಗಾತ್ರದ ಮೋಟರು, ಅದಕ್ಕೊಂದು ಪಂಕ, ಹೊಟ್ಟೆಯಲ್ಲಿ ಬ್ಯಾಟರಿ. ನಾನು ವಿಜ್ಞಾನ ಕಲಿಸುವ ಹೈಸ್ಕೂಲಿನವರು ವಸ್ತುಪ್ರದರ್ಶನಕ್ಕೆಂದು ಬಿಡಿಭಾಗಗಳ ಪೆಟ್ಟಿಗೆ ತರಿಸಿದ್ದರು. ಹೆಡ್‌ಮಾಸ್ತರರು ಅದನ್ನು ಬಿಚ್ಚಿ ನೋಡಿ, ಹಾಗೆಯೇ ಮುಚ್ಚಿ, ನಿಮ್ಮ ಮನೆಯಲ್ಲಿ ಮಷೀನಿನ ಮಂದಿ ಇದ್ದಾರಲ್ಲ, ನೀವೇ ಒಯ್ಯಿರಿ ಎಂದು ನನ್ನ ಕೈಗೆ ಕೊಟ್ಟರು. ನಾನು ಬೇಡವೆನ್ನಲಿಲ್ಲ. ಆಗ ನನ್ನ ಕೈಗೆ ಏನಾದರೊಂದು ಕೆಲಸ ಬೇಕಿತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಅಂಗಳಕ್ಕೆ ಹೋಗಿ, ಅಲ್ಲಿ ಯಾಕೆ ಬಂದೆನೆಂದು ಮರೆತು ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು.

ಕಾರಣ ಹೇಳಿಬಿಡುತ್ತೇನೆ. ಬೀಳಗಿ ಕಡೆಯ ಒಂದು ವಸತಿ ಶಾಲೆಯಿಂದ ನನಗೆ ಕರೆ ಬಂದಿತ್ತು. ಕೆಲಸ ಒಳ್ಳೆಯದು, ಆದರೆ ಅಲ್ಲಿಯೇ ಇರಬೇಕು. ಬನಹಟ್ಟಿಯಿಂದ ದಿನಾ ಓಡಾಡುವ ಮಾತೇ ಇಲ್ಲ. ಹೋಗುವುದೆಂದರೆ ಗಂಡನನ್ನೂ ಮನೆಯನ್ನೂ ಬಿಟ್ಟು ಹೋಗುವುದು. ತಿಂಗಳು ಮುಗಿಯುವುದರೊಳಗೆ ಬರುತ್ತೇನೆ ಇಲ್ಲವೆ ಬರುವುದಿಲ್ಲ ಎಂದು ತಿಳಿಸಬೇಕಿತ್ತು. ನಮ್ಮ ಮನೆಯವರಿಗೆ ಹೇಳಿದೆ. ಮಲಗುವಾಗ ದೀಪ ಆರಿಸಿದ ಮೇಲೆ, ಮಗ್ಗದ ಸದ್ದಿಲ್ಲದ ಹೊತ್ತು ನೋಡಿ, ಮೆಲ್ಲಗೆ ಎಲ್ಲವನ್ನೂ ಹೇಳಿ, ನಾನು ಹೋಗಲೋ ಬೇಡವೋ ಎಂದು ಕೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಮತ್ತೊಂದು ದಿನ ಕೇಳಿದೆ. ಮಗ್ಗುಲು ಬದಲಿಸಿದರು. ಮೌನಂ ಸಮ್ಮತಿ ಲಕ್ಷಣಂ ಎಂದು ದೊಡ್ಡವರು ಹೇಳಿಟ್ಟಿದ್ದಾರಲ್ಲ, ಹೋಗು ಎಂಬುದೇ ಇವರ ಉತ್ತರ ಎಂದುಕೊಂಡೆ. ಹಾಗೆಂದುಕೊಂಡರೂ ಆ ಶಾಲೆಗೆ ಫೋನ್ ಮಾಡಿ ಬರುತ್ತೇನೆ ಎನ್ನಲು ಬಾಯಿ ಬರಲಿಲ್ಲ. ವಿಮಾನ ಒಮ್ಮೆ ಹಾರಲಿ, ಪ್ರದರ್ಶನ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ದಿನ ದೂಡುತ್ತಿದ್ದೆ.

ನಾನು ಬೀಳಗಿ ತಾಲೂಕಿನ ಒಂದು ಹಳ್ಳಿಯವಳು. ನಮ್ಮದು ಹೊಲದಲ್ಲೇ ಮನೆ. ಅಲ್ಲಿ ದೂರದ ನೀರಿನ ಪಂಪು ಚಾಲೂ ಆದದ್ದು ಒಳಗೆ ಕೂತವರಿಗೆ ತಿಳಿಯುತ್ತದೆ. ಅವ್ವ ನಮ್ಮನ್ನು ಕರೆಯುವಾಗಲೂ ದನಿ ಎತ್ತಿದವಳಲ್ಲ. ಹೆಣ್ಣುಮಕ್ಕಳ ಮಾತು ಹೊಸ್ತಿಲು ದಾಟಬಾರದು ಎಂದು ಅವಳ ಶಾಸ್ತ್ರ. ಅಂಥ ಮನೆಯಿಂದ ಈ ಮನೆಗೆ ಬಂದೆ. ಇಲ್ಲಿ ಎಲ್ಲರೂ ಒದರುತ್ತಾರೆ. ಅತ್ತೆ ಗುಟ್ಟು ಹೇಳಿದರೆ ಪಕ್ಕದೂರು ಚಿಮ್ಮಡಕ್ಕೆ ಹೋಗುವ ಬಸ್ಸಿನಲ್ಲಿ ಕೂತವರಿಗೂ ಕೇಳಿಸುತ್ತದೆ. ಉಪ್ಪು ಬೇಕೇ ಎಂದು ಕೇಳುವುದೂ ಜಗಳದಂತೆಯೇ ಇರುತ್ತದೆ. ಆದರೆ ನಾನು ಕೇಳಿದ್ದಕ್ಕೆ ಮಾತ್ರ ಯಾರೂ ಉತ್ತರ ಕೊಡುತ್ತಿರಲಿಲ್ಲ. ಸಾರಿಗೆ ಹುಳಿ ಹಾಕಲೇ ಎಂದರೆ ಅತ್ತೆ ಸುಮ್ಮನೆ ಬೆನ್ನು ತಿರುಗಿಸುವರು. ಚಹಾ ತಂದಿದ್ದೇನೆ ಎಂದರೆ ಮಾವ ಪೇಪರಿನಿಂದ ತಲೆ ಎತ್ತರು. ಗೋಡೆಗೂ ಕಿವಿ ಇರುತ್ತವೆ ಅನ್ನುತ್ತಾರೆ, ಈ ಮನೆಯಲ್ಲಿ ಗೋಡೆಗೆ ಮಾತ್ರ ಇವೆ ಎಂದು ತವರಿಗೆ ಹೋದಾಗ ಅವ್ವನ ಮುಂದೆ ಆಡಿಕೊಂಡಿದ್ದೆ. ಅವ್ವ ನಕ್ಕಳು, ನಾನು ನಗಲಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿದ್ದು ಯಾರಿಗೂ ಬೇಡವಾದವಳಂತೆ ಇರುವುದು ಎಂಥ ಸಂಕಟ ಎಂಬುದು ಅನುಭವಿಸಿದವರಿಗೇ ಗೊತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆ ಸಿಟ್ಟನ್ನೂ ಮೆಲುದನಿಯಲ್ಲೇ ಆಡುವ ಅಭ್ಯಾಸ ನನ್ನದು.

ವಿಮಾನದ ಕೆಲಸಕ್ಕೆ ಕೂತಾಗ ಮಾತ್ರ ಮಾತಿಲ್ಲದೆಯೂ ನಡೆಯುತ್ತಿತ್ತು. ಮೊದಲು ರೆಕ್ಕೆಯ ಎರಡು ಭಾಗಗಳನ್ನು ಅಂಟಿಸಿ, ಒಣಗುವವರೆಗೆ ಮೇಲೆ ಜೋಳದ ಹಿಟ್ಟಿನ ಡಬ್ಬಿಗಳನ್ನು ಹೇರಿಟ್ಟೆವು. ರೆಕ್ಕೆಯ ಮತ್ತು ಬಾಲದ ಮಡಿಕೆಗಳನ್ನು ಆಡಿಸಲು ಬೆಂಕಿಪೆಟ್ಟಿಗೆಗಿಂತ ಚಿಕ್ಕವಾದ ಸರ್ವೋ ಮೋಟರುಗಳಿದ್ದವು. ಅವುಗಳಿಂದ ತೆಳು ತಂತಿ ಎಳೆದು ಮಡಿಕೆಗೆ ಸಿಕ್ಕಿಸಬೇಕು. ತಂತಿಯ ತುದಿ ಬಗ್ಗಿಸುವುದರಲ್ಲಿ ಮಾವನವರ ಕೈ ನನಗಿಂತ ಚುರುಕು. ಅಂಟು ಹಾಕಿದ ಸಂದುಗಳನ್ನು ಅವರು ನಂಬಲಿಲ್ಲ. ಬಾಲ ಕಳಚಿ ಬಿದ್ದರೆ ಗತಿಯೇನು ಎಂದು ಮಗ್ಗದ ರೇಶಿಮೆ ನೂಲು ತಂದು, ಬಾಲದ ಬುಡಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ದಪ್ಪಗೆ ಗಂಜಿ ಬಳಿದರು. ಭಾರವಾಗುತ್ತದೆ ಎಂದೆ. ಅವರು ಇನ್ನೊಂದು ಸುತ್ತು ಸುತ್ತಿದರು. ಬೇಕೆಂದೇ ನನ್ನ ಮಾತು ತೆಗೆದುಹಾಕುತ್ತಾರೆ ಎಂದು ನಾನು ಎದ್ದು ಒಳಗೆ ಹೋದೆ. ಅಷ್ಟರಲ್ಲಿ ಕರೆಂಟ್ ಬಂತು, ಅವರೂ ಎದ್ದರು. ಹೀಗೆ ಒಂದೊಂದು ಕೆಲಸವೂ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಶಾಲೆಯಲ್ಲಿ ಪಾಠ ಮಾಡುವಾಗ ಊರಲ್ಲಿ ಕರೆಂಟ್ ಹೋದರೆ, ಅಲ್ಲಿ ನನ್ನನ್ನು ಬಿಟ್ಟು ಏನು ಜೋಡಿಸುತ್ತಿದ್ದಾರೋ ಎಂದು ಜೀವ ಚಡಪಡಿಸುತ್ತಿತ್ತು.

ಆ ಚಡಪಡಿಕೆಗೆ ಕಾರಣವೂ ಇತ್ತು. ಬ್ಯಾಟರಿಗೂ ಮೋಟರಿಗೂ ನಡುವೆ ಒಂದು ಪುಟ್ಟ ಸರ್ಕಿಟ್ ಬರುತ್ತದೆ, ಸ್ಪೀಡ್ ಕಂಟ್ರೋಲರ್. ರಿಮೋಟಿನ ಕಡ್ಡಿಯನ್ನು ಎಷ್ಟು ಮೇಲೆ ತಳ್ಳುತ್ತೇವೋ ಅಷ್ಟು ವೇಗವಾಗಿ ಮೋಟರು ತಿರುಗುವಂತೆ ಮಾಡುವುದು ಅದೇ. ನಾನಿಲ್ಲದಾಗ ಮಾವನವರು ಅದನ್ನು ಜೋಡಿಸಿ ನೋಡಿದ್ದರು. ಮೋಟರು ತಿರುಗಲಿಲ್ಲ. ಇದು ಸತ್ತ ಮಾಲು ಎಂದು ಮಗನ ಕೈಯಲ್ಲಿ ಪ್ಯಾಕ್ ಮಾಡಿಸಿ, ನನ್ನನ್ನು ಒಂದು ಮಾತೂ ಕೇಳದೆ ಕಳಿಸಿದವರಿಗೇ ತಿರುಗಿ ಕಳಿಸಿಬಿಟ್ಟಿದ್ದರು. ಅಂಗಡಿಯವರು ಬೇರೆಯದನ್ನು ಕಳಿಸಿದರು. ಅದನ್ನೂ ನೋಡಿ ಅದೂ ಸತ್ತಿದೆ ಎಂದು ವಾಪಸ್ ಕಳಿಸಿದರು. ಅಂಗಡಿಯವರು ನನಗೆ ಫೋನ್ ಮಾಡಿ, ಮೇಡಮ್, ಎರಡೂ ಚೆನ್ನಾಗಿಯೇ ನಡೆಯುತ್ತಿವೆ, ನೀವು ಸರಿಯಾಗಿ ನೋಡಿದಿರಾ ಎಂದು ವಿಚಾರಿಸಿದರು. ಸಹೋದ್ಯೋಗಿಗಳ ಎದುರು ಮುಖ ಕೆಂಪಾಯಿತು. ಮೂರನೆಯದು ಬಂದಾಗ, ಭಾನುವಾರ ನಾನಿದ್ದಾಗಲೇ ಜೋಡಿಸಬೇಕು ಎಂದು ಮನೆಯಲ್ಲಿ ಹೇಳಿದೆ. ಯಾರೂ ಹೂಂ ಅನ್ನಲಿಲ್ಲ. ಪೆಟ್ಟಿಗೆಯನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡೆ.

ಭಾನುವಾರ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಎಲ್ಲರೂ ಪಡಸಾಲೆಯಲ್ಲಿ ಸೇರಿದೆವು. ಮಾವನವರು ವಿಮಾನದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಮ್ಮ ಮನೆಯವರ ಕೈಯಲ್ಲಿ ರಿಮೋಟು. ಅತ್ತೆ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ನಾನು ಟ್ರಂಕಿನಿಂದ ಕಂಟ್ರೋಲರ್ ತಂದು ತಂತಿಗಳನ್ನು ಜೋಡಿಸಿ ಕೊಟ್ಟೆ. ಬ್ಯಾಟರಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಾವನವರು ಮೋಟರಿಗೆ ಪಂಕ ಕೂಡಿಸಿ ಬಿಗಿದಿದ್ದರು. ಪರೀಕ್ಷೆ ಮಾಡುವಾಗ ಪಂಕ ಇರಬಾರದು, ಬೆರಳು ಹೋಗುತ್ತದೆ ಎಂದು ಅಷ್ಟು ಸಲ ಹೇಳಿದ್ದೆ. ಬಿಚ್ಚಿರಿ ಎನ್ನುತ್ತ ಬಾಗುವಷ್ಟರಲ್ಲಿ ಅವರು ನನ್ನ ಕೈಯಿಂದ ಬ್ಯಾಟರಿ ತೆಗೆದುಕೊಂಡು ಜೋಡಿಸಿಯೇಬಿಟ್ಟರು.

ಜೋಡಿಸಿದ ಕ್ಷಣದಲ್ಲೇ ಮೋಟರಿನೊಳಗಿಂದ ಟೀ ಟೀ ಟೀ ಎಂದು ಒಂದೇ ಸಮನೆ ಸದ್ದು ಹೊರಟಿತು. ನನಗೆ ಥಟ್ಟನೆ ತಿಳಿಯಿತು. ಬೈಕಿಗೆ ರೇಸ್ ಕೊಡುವಂತೆ ನಮ್ಮ ಮನೆಯವರು ರಿಮೋಟಿನ ಕಡ್ಡಿಯನ್ನು ಮೊದಲೇ ಅರ್ಧದವರೆಗೆ ತಳ್ಳಿ ಹಿಡಿದಿದ್ದರು. ಹಾಗಿದ್ದಾಗ ಕಂಟ್ರೋಲರ್ ಮೋಟರು ತಿರುಗಿಸುವುದಿಲ್ಲ. ಕಡ್ಡಿ ಕೆಳಗಿಳಿಸು ಎಂದು ಹೀಗೆ ಕೂಗಿ ಎಚ್ಚರಿಸುತ್ತದೆ. ಮೊದಲಿನ ಎರಡೂ ಹೀಗೆಯೇ ಸತ್ತಿದ್ದವು! ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾವನವರು, ಇದೂ ಸತ್ತೈತಿ ಬಿಡೋ ಎಂದರು. ನಮ್ಮ ಮನೆಯವರು ಬೇಸರದಿಂದ ಕಡ್ಡಿಯನ್ನು ಕೆಳಗೆ ಎಳೆದುಬಿಟ್ಟರು. ಸದ್ದು ನಿಂತಿತು. ಆಮೇಲೆ ಟೀ, ಟೀ, ಟೀ ಎಂದು ಬಿಡಿಬಿಡಿಯಾಗಿ, ಕೊನೆಗೆ ಉದ್ದಕ್ಕೆ ಟೀಈಈ. ನಾನು ಸಿದ್ಧ ಎಂದು ಅದರ ಅರ್ಥ. ಇನ್ನು ಕಡ್ಡಿ ಅಲುಗಿದರೆ ಸಾಕು, ಪಂಕ ಹೊಡೆಯುತ್ತದೆ.

ಮಾವನವರು ನಿಂತ ಮಗ್ಗದ ಗಾಲಿ ತಿರುಗಿಸುವವರ ಹಾಗೆ ಪಂಕದ ಎಲೆಗೆ ಬೆರಳಿಟ್ಟು ಬಗ್ಗಿ ನೋಡತೊಡಗಿದರು. ನಮ್ಮ ಮನೆಯವರ ಹೆಬ್ಬೆರಳು ಮತ್ತೆ ಕಡ್ಡಿಯ ಮೇಲೆ ಹೋಯಿತು. ಮಾವಾರ, ಕೈ ತಗೀರಿ ಎಂದೆ. ತೆಗೆಯಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂವರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಆಗ ಎಲ್ಲಿತ್ತೋ ಆ ದನಿ, ಹೊಟ್ಟೆಯೊಳಗಿಂದ ಬಂತು.

"ಕೈ ತಗೀರಿ!"

ಮಾವ ಬೆಚ್ಚಿ ಹಿಂದೆ ಸರಿದರು. ಪಂಕ ರೊಯ್ಯನೆ ತಿರುಗಿ, ಅವರ ಧೋತರದ ಅಂಚನ್ನು ಹರಿದು, ವಿಮಾನವನ್ನೇ ಎಳೆದುಕೊಂಡು ಹೋಗಿ ಆಚೆಯ ಇನ್ನೊಂದು ಕಂಬಕ್ಕೆ ಬಡಿದು ಮುರಿಯಿತು. ಒಂದು ಎಲೆ ಹಾರಿ ದೇವರ ಕೋಣೆಯ ಬಾಗಿಲಲ್ಲಿ ಬಿತ್ತು. ನಾನು ಓಡಿಹೋಗಿ ಬ್ಯಾಟರಿ ಕಿತ್ತೆ.

ಅತ್ತೆ ಅಡಕತ್ತರಿ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದರು. ಸೊಸೆ ಮಾವನಿಗೆ ಹೀಗೆ ಒದರುವುದು ನಮ್ಮ ಕಡೆ ಸಣ್ಣ ಮಾತಲ್ಲ. ಬೈಗುಳ ಬರುತ್ತದೆ ಎಂದು ಕಾದೆ, ಬರಲಿಲ್ಲ. ಅಷ್ಟು ಜೋರಾಗಿ ಸೀಟಿ ಹೊಡೆಯುತ್ತಿತ್ತಲ್ಲ, ಯಾರೂ ಯಾಕೆ ಕೈ ತೆಗೆಯಲಿಲ್ಲ ಎಂದು ಗಂಡನನ್ನು ಕೇಳಿದೆ. ಕೂಗಿಯೇ ಕೇಳಿದೆ, ಇನ್ನೂ ಆ ದನಿ ಇಳಿದಿರಲಿಲ್ಲ. ಯಾವುದು ಸೀಟಿ ಹೊಡೆಯುತ್ತಿತ್ತು ಎಂದರು. ನನ್ನನ್ನು ಆಡಿಸುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಮುರಿದ ಪಂಕ ಬಿಚ್ಚಿ ಒಗೆದು, ಕಡ್ಡಿ ಇನ್ನೂ ಮೇಲಿದ್ದಂತೆಯೇ ಮತ್ತೆ ಬ್ಯಾಟರಿ ಜೋಡಿಸಿದೆ. ಟೀ ಟೀ ಟೀ. ನೋಡಿರಿ, ಇದೇ ಎಂದೆ. ಮೂವರೂ ಮೋಟರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. ಅತ್ತೆ ಎದ್ದು ಬಂದು ನನ್ನ ಹಣೆ ಮುಟ್ಟಿ, ಹೊತ್ತು ಮುಳುಗುವ ಮೊದಲು ದೃಷ್ಟಿ ತೆಗೆಯಬೇಕು ಎಂದು ತಮ್ಮ ಗುಟ್ಟಿನ ದನಿಯಲ್ಲಿ, ಅಂದರೆ ಓಣಿಗೆಲ್ಲ ಕೇಳುವಂತೆ, ಮಗನಿಗೆ ಹೇಳಿದರು. ಆ ಕ್ಷಣ ನನಗೇ ಅನುಮಾನ ಬಂತು. ಮನೆಯಲ್ಲಿ ಯಾರಿಗೂ ಕೇಳದ ಸದ್ದು ನನಗೊಬ್ಬಳಿಗೇ ಕೇಳುತ್ತಿದೆ ಎಂದರೆ ಏನರ್ಥ?

ಮಾವನವರು ಮಾತ್ರ ಮೋಟರನ್ನೇ ನೋಡುತ್ತಿದ್ದರು. ಮೆಲ್ಲಗೆ ಮುಂದೆ ಸರಿದು ಮೋಟರಿನ ಮೇಲೆ ಒಂದು ಬೆರಳಿಟ್ಟರು. ಶೆಡ್ಡಿನಲ್ಲಿ ಮಗ್ಗ ಕೆಟ್ಟಾಗಲೂ ಅವರು ಮೊದಲು ಕೈಯಿಟ್ಟೇ ನೋಡುವುದು. ಬೆರಳಿಟ್ಟು ಕಣ್ಣು ಮುಚ್ಚಿದರು. ಮಗನ ಕೈಯನ್ನೂ ಹಿಡಿದು ತಂದು ಅಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು.

"ಇದು ನಡಗಾಕತ್ತೈತಿ. ನಿನಗ ಕೇಳಸ್ತೈತೇನವ್ವಾ?"

ಕೇಳಿಸುತ್ತದೆ ಎಂದೆ.

"ನಮಗ ಕೇಳಸಂಗಿಲ್ಲ. ನೀ ಮಾತಾಡೂದೂ ಕೇಳಸಂಗಿಲ್ಲ, ತುಟಿ ಅಷ್ಟ ಕಾಣಸ್ತಾವು. ದೊಡ್ಡ ಸಾಲಿ ಕಲತಾಕಿ, ನಮ್ಮ ಕೂಡ ಮಾತಾಡಾಕ ಮನಸಿಲ್ಲೇನೋ ಅನಕೊಂಡಿದ್ವಿ."

ನಾನು ಅಲ್ಲೇ ಕೂತುಬಿಟ್ಟೆ. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರ ಕಿವಿಯಿಂದ ಮೊದಲು ಹೋಗುವುದು ಸಣ್ಣ, ತೆಳು ದನಿಗಳು ಎಂಬುದನ್ನು ನಾನೇ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳಿಗೆ ಹೇಳಿ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ, ಮನೆಗೆ ಬಂದು ಅದೇ ತೆಳು ದನಿಯಲ್ಲಿ ಎಲ್ಲರ ಜೊತೆ ಎರಡು ವರ್ಷ ಮಾತಾಡಿದ್ದೆ. ಕಿವುಡನ ಮುಂದೆ ಕಿನ್ನರಿ ನುಡಿಸಿದಂತೆ ಎಂಬ ಗಾದೆಯನ್ನು ಬೇರೆ ಮನಸ್ಸಿನಲ್ಲೇ ಎಷ್ಟು ಸಲ ಇವರ ಮೇಲೆ ಹೇಳಿಕೊಂಡಿದ್ದೆನೋ. ಎಲ್ಲರೂ ಒಬ್ಬರಿಗೊಬ್ಬರು ಒದರುವ ಮನೆಯಲ್ಲಿ ಯಾರಿಗೆ ಎಷ್ಟು ಕೇಳುತ್ತದೆ ಎಂದು ಯಾರಿಗೆ ತಿಳಿಯಬೇಕು? ಇಡೀ ಓಣಿಯೇ ಹಾಗಿದ್ದರೆ ಅದು ಕೊರತೆ ಎಂದು ಯಾರಿಗೆ ಅನ್ನಿಸಬೇಕು? ಸಾರಿನ ಹುಳಿ ಕೇಳಿದಾಗಲೆಲ್ಲ ಬೆನ್ನು ತಿರುಗಿಸುತ್ತಿದ್ದುದನ್ನು ಅತ್ತೆಗೆ ಕೂಗಿ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹುಳಿ ಹಾಕಲೇ ಎಂದು ಕೇಳುತ್ತಿದ್ದೆಯಾ, ನೀನು ಮಂತ್ರ ಹೇಳಿಕೊಳ್ಳುತ್ತೀ ಅಂದುಕೊಂಡಿದ್ದೆ ಎಂದರು. ನಗುವೂ ಅಳುವೂ ಒಟ್ಟಿಗೇ ಬಂದವು.

ಅದೇ ಹೊತ್ತಿಗೆ ನನಗೆ ಇನ್ನೊಂದು ನೆನಪಾಯಿತು. ಹಾಗಾದರೆ ದೀಪ ಆರಿಸಿದ ಮೇಲೆ ನಾನು ಹೇಳಿದ್ದು? ಕತ್ತಲೆಯಲ್ಲಿ ತುಟಿಯೂ ಕಾಣುವುದಿಲ್ಲವಲ್ಲ. ಗಂಡನ ಮುಖ ನೋಡಿದೆ. ಕೇಳಬೇಕೆಂದು ಬಾಯಿ ತೆರೆದೆ. ಕರೆಂಟ್ ಬಂತು, ಗೋಡೆಯಾಚೆ ಮಗ್ಗಗಳು ಖಟಖಟ ಎಂದವು, ಅವರು ರಿಮೋಟು ಕೆಳಗಿಟ್ಟು ಓಡಿದರು.

ಆಮೇಲಿನ ದಿನಗಳು ಮೊದಲಿಗಿಂತ ಕೆಟ್ಟವು. ಅವರು ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಹಿಂದೆ ನಿಂತು ನನ್ನ ಮಾಮೂಲಿ ದನಿಯಲ್ಲಿ, ರೀ, ನೀವು ಕತ್ತೆ ಎಂದೆ. ತಿರುಗಲಿಲ್ಲ. ಒಂದು ಸಲ ನಗು ಬಂತು, ಇನ್ನೊಂದು ಸಲ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟು ಒಳಗೆ ಬಂದೆ. ಅವರಿಗೆ ಕೇಳಿಸಿರಲೇ ಇಲ್ಲ. ಅವರ ಮೌನ ಸಮ್ಮತಿಯೂ ಆಗಿರಲಿಲ್ಲ, ಬೇಡವೆನ್ನುವುದೂ ಆಗಿರಲಿಲ್ಲ. ಅಂದರೆ ನಾನು ಮತ್ತೆ ಕೇಳಬೇಕು. ಈ ಸಲ ಉತ್ತರ ಬರುತ್ತದೆ. ಉತ್ತರ ಬರದಿದ್ದಾಗ ಬರಿ ಸಿಟ್ಟಿತ್ತು. ಬರುತ್ತದೆ ಎಂದು ಗೊತ್ತಾದಾಗ ಹೆದರಿಕೆಯಾಯಿತು. ಛಲೋ ಕೆಲಸ, ಹೋಗು ಎಂದು ನಿಜವಾಗಿಯೂ ಅಂದುಬಿಟ್ಟರೆ? ಹೋಗಬೇಕೆಂದು ನನಗೇ ಇರಲಿಲ್ಲ. ಹೋಗಬೇಡ ಎಂದು ಯಾರಾದರೂ ಹೇಳಲಿ ಎಂದಷ್ಟೇ ಇತ್ತು, ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆ.

ಕೇಳುವುದಾದರೂ ಹೇಗೆ? ಈ ಮನೆಯಲ್ಲಿ ಗಂಡನಿಗೆ ಕೇಳುವಂತೆ ಹೇಳಿದರೆ ಓಣಿಗೂ ಕೇಳುತ್ತದೆ. ಮೊಬೈಲಿನಲ್ಲಿ ಬರೆದೆ, ಅಳಿಸಿದೆ. ಎದುರಿಗೆ ನಿಂತು ಅವರ ಮುಖ ನೋಡುತ್ತಲೇ ಉತ್ತರ ಕೇಳಬೇಕಿತ್ತು. ತಿಂಗಳು ಮುಗಿಯುತ್ತ ಬಂದಿತ್ತು. ಶಾಲೆಯಿಂದ ಬಂದವಳು ಚೀಲ ಇಡುವ ಮೊದಲೇ ವಿಮಾನದ ಹತ್ತಿರ ಹೋಗುತ್ತಿದ್ದೆ. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪಂಕ ಕೂಡಿಸಿದೆ. ಎರಡು ರೆಕ್ಕೆಯ ಕೆಳಗೆ ಬೆರಳ ತುದಿಯಿಟ್ಟು ವಿಮಾನ ಎತ್ತಿದರೆ ಅದು ನೆಟ್ಟಗೆ ನಿಲ್ಲಬೇಕು. ನಮ್ಮದು ಬಾಲ ಇಳಿಬಿಟ್ಟು ಕೂತಿತು. ಮಾವನವರ ರೇಶಿಮೆ ಮತ್ತು ಗಂಜಿಯ ಪ್ರತಾಪ. ಈ ಸಲ ಅವರ ಮುಖಕ್ಕೆ ಮುಖ ಕೊಟ್ಟು ದೊಡ್ಡ ದನಿಯಲ್ಲಿ, ಬಾಲ ಭಾರ ಆಗಿದೆ ಎಂದೆ. ಅವರು ತಲೆ ಕೆರೆದುಕೊಂಡು, ಮೊದಲ ಹೇಳಬಾರದೇನವ್ವಾ ಎಂದರು. ನೂಲು ಬಿಚ್ಚಲು ಮನಸ್ಸಾಗದೆ ಬ್ಯಾಟರಿಯನ್ನೇ ಮೂತಿಯವರೆಗೆ ಮುಂದೆ ಸರಿಸಿ ಸಮ ಮಾಡಿದೆ.

ಪ್ರದರ್ಶನಕ್ಕೆ ಮೊದಲು ಒಮ್ಮೆ ಹಾರಿಸಿ ನೋಡಲೇಬೇಕಿತ್ತು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಪೂಜೆ ಮಾಡಿ ರಜೆ ಕೊಡುತ್ತೇವೆ. ಅಂದು ಮುಂಜಾನೆಯೇ ಚಿಮ್ಮಡದ ದಾರಿಯಲ್ಲಿ ಪರಿಚಯದವರ ಹೊಲಕ್ಕೆ ನಾಲ್ವರೂ ಹೋದೆವು. ಅಲ್ಲಿ ಒಂದು ಪಟ್ಟಿ ಕಬ್ಬು ಕಡಿದು ಫ್ಯಾಕ್ಟರಿಗೆ ಹೋಗಿತ್ತು, ಪಕ್ಕದ್ದು ಇನ್ನೂ ಆಳೆತ್ತರಕ್ಕಿಂತ ಮೇಲೆ ನಿಂತಿತ್ತು. ಅತ್ತೆ ರೆಕ್ಕೆಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಲು ಜಾಗ ಹುಡುಕುತ್ತಿದ್ದರು. ಭಾರವಾಗುತ್ತದೆ ಎಂದು ಕೂಗಿ ಹೇಳಿದೆ. ಹಾಗಾದರೆ ನಾನೇ ಹಿಡಿದುಕೊಂಡು ನಿಂತಿರುತ್ತೇನೆ ಎಂದು ಮುಷ್ಟಿಯಲ್ಲಿ ಹಿಡಿದುಕೊಂಡರು.

ನಮ್ಮ ಮನೆಯವರು ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದರು. ನಾನು ಕಡ್ಡಿ ತಳ್ಳಿದೆ, ಪಂಕ ಮೊರೆಯಿತು, ಅವರು ಎರಡು ಹೆಜ್ಜೆ ಓಡಿ ಬಿಟ್ಟರು. ಮೊದಲು ಸ್ವಲ್ಪ ಕುಸಿಯಿತು. ಆಮೇಲೆ ಏರಿತು. ಕೊಯ್ದ ಕಬ್ಬಿನ ಕೂಳೆಗಳ ಮೇಲೆ, ಬದುವಿನ ಬೇವಿನ ಮೇಲೆ ಏರುತ್ತಲೇ ಹೋಯಿತು. ಅತ್ತೆ ನಿಂಬೆಹಣ್ಣಿನ ಕೈಯನ್ನು ಹಣೆಗೆ ಹಚ್ಚಿಕೊಂಡರು. ಅಷ್ಟು ದಿನ ಕೂತಲ್ಲಿ ಕೂರದ ನನ್ನ ಜೀವಕ್ಕೆ ಒಂದು ಗಳಿಗೆ ಸಮಾಧಾನವಾಯಿತು. ಅದೇ ಸಂತೋಷದಲ್ಲಿ ತಿರುಗಿಸಿ ನಮ್ಮ ಕಡೆಗೆ ತಂದೆ. ವಿಮಾನ ಎದುರಿಗೆ ಬರುವಾಗ ಎಡಬಲ ತಿರುವುಮುರುವಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಬಲಕ್ಕೆ ಎಂದುಕೊಂಡು ತಿರುಗಿಸಿದೆ, ಅದು ಇನ್ನೊಂದು ಕಡೆ ವಾಲಿತು. ಸರಿಪಡಿಸಲು ಇನ್ನಷ್ಟು ತಿರುಗಿಸಿದೆ, ಇನ್ನಷ್ಟು ವಾಲಿ, ನಿಂತ ಕಬ್ಬಿನ ನಡುವೆ ಸರ್ರನೆ ಇಳಿದು ಕಾಣೆಯಾಯಿತು.

ಕಬ್ಬಿನಲ್ಲಿ ಬಿದ್ದದ್ದು ಕಡಿಯುವವರೆಗೆ ಸಿಗುವುದಿಲ್ಲ ಎಂದು ಮಾವನವರು ಹಣೆ ಚಚ್ಚಿಕೊಂಡರು. ನಾನು ರಿಮೋಟು ಬಂದ್ ಮಾಡಿದೆ. ರಿಮೋಟಿನ ಸಂಪರ್ಕ ತಪ್ಪಿದರೆ ಆ ಕಂಟ್ರೋಲರ್ ಸುಮ್ಮನಿರುವುದಿಲ್ಲ, ಕೂಗುತ್ತಲೇ ಇರುತ್ತದೆ. ಕಿವಿಗೊಟ್ಟೆ. ದೂರದಿಂದ, ಒಳಗಿನಿಂದ, ತೆಳ್ಳಗೆ ಕೇಳಿಸಿತು. ಬದುವಿನ ಮೇಲೆ ನಿಂತ ಮೂವರೂ ನನ್ನ ಮುಖ ನೋಡಿದರು. ಆ ಕಡೆ ಎಂದು ಕೈ ತೋರಿಸಿ ಸೆರಗು ಬಿಗಿದು ಒಳನುಗ್ಗಿದೆ. ನಮ್ಮ ಮನೆಯವರು ಹಿಂದೆ ಬಂದರು.

ಒಳಗೆ ಸೆಕೆ. ಗರಿಗಳು ಕೈ, ಕೆನ್ನೆ ಗೀರುತ್ತಿದ್ದವು. ಉದುರಿ ಒಣಗಿದ ಗರಿಗಳ ರವದಿ ಕಾಲಡಿ ಚರಚರ ಎನ್ನುತ್ತಿದ್ದುದರಿಂದ ನಾಲ್ಕು ಹೆಜ್ಜೆಗೊಮ್ಮೆ ನಿಂತು ಆಲಿಸಬೇಕಿತ್ತು. ನಾನು ನಿಂತಾಗ ಅವರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ನಡೆದರೆ ನಡೆಯುತ್ತಿದ್ದರು. ಬದುವಿನಿಂದ ಬಹಳ ಒಳಗೆ ಬಂದಿದ್ದೆವು. ಸದ್ದು ಈಗ ಹತ್ತಿರವಾಗಿತ್ತು, ಮುಂದಿನ ಸಾಲಿನಲ್ಲೇ ಇದ್ದಿರಬೇಕು. ನಾನು ನಿಂತೆ. ಈ ಸಲ ಮುಂದೆ ಹೋಗಲಿಲ್ಲ. ಯಾಕೆ, ಕೇಳಿಸುತ್ತಿಲ್ಲವೇ ಎಂದು ಅವರು ಕೇಳಿದರು. ತಿರುಗಿ ಅವರಿಗೆ ಎದುರಾಗಿ ನಿಂತೆ. ಕಬ್ಬಿನ ಸಾಲಿನಲ್ಲಿ ಇಬ್ಬರು ನಿಂತರೆ ನಡುವೆ ಜಾಗವೇ ಇರುವುದಿಲ್ಲ.

"ನಾ ನಿಮಗ ಒಂದು ಮಾತು ಕೇಳಿದ್ದೆ. ಎರಡು ಸಲ ಕೇಳಿದ್ದೆ. ಬೀಳಗಿಗೆ ಹೋಗ್ಲೋ ಬ್ಯಾಡೋ ಅಂತ."

ಕೂಗಿಯೇ ಹೇಳಿದೆ. ಬದುವಿನವರೆಗೆ ಕೇಳಿದರೆ ಕೇಳಲಿ ಎಂದು ಹೇಳಿದೆ.

"ಬೀಳಗಿಗೆ? ಯಾಕ, ನಿಮ್ಮ ಅವ್ವಗ ಆರಾಮಿಲ್ಲೇನು?"

ನನಗೆ ನಿಂತಲ್ಲೇ ಅಳು ಬಂತು. ಒರೆಸಿಕೊಳ್ಳದೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ವಸತಿ ಶಾಲೆ, ಅಲ್ಲೇ ಇರಬೇಕಾದದ್ದು, ತಿಂಗಳ ಗಡುವು, ಅವರು ಮಗ್ಗುಲು ಬದಲಿಸಿದ್ದು, ಅದನ್ನೇ ಉತ್ತರವೆಂದು ನಾನು ತಿಳಿದದ್ದು. ಅವರು ನನ್ನ ತುಟಿಯ ಮೇಲಿನ ಕಣ್ಣು ಕದಲಿಸದೆ ಕೇಳಿದರು. ಮುಗಿದ ಮೇಲೆ ಮಾತಾಡಲಿಲ್ಲ. ಆದರೆ ಕೇಳಿಸಿಕೊಂಡವರ ಮೌನ ಬೇರೆ, ಅದನ್ನು ಆವತ್ತು ಕಂಡೆ. ಅವರ ಕೈ ಒಂದು ಕಬ್ಬನ್ನು ಹಿಡಿದುಕೊಂಡಿತು, ಕಣ್ಣಲ್ಲಿ ನೀರಾಡಿತು. ಹೊರಗಿನಿಂದ ಮಾವನವರು ಸಿಕ್ಕಿತೇ ಎಂದು ಕೂಗುತ್ತಿದ್ದರು. ನಾವಿಬ್ಬರೂ ಉತ್ತರ ಕೊಡಲಿಲ್ಲ.

ಆಮೇಲೆ ಅವರು ಮಾತಾಡಿದರು. ಆ ಮನೆಯಲ್ಲಿ ಹುಟ್ಟಿದವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಗರಿಗಳ ಸದ್ದಿಗಿಂತ ಸಣ್ಣ ದನಿ.

"ಕೆಲಸ ಛಲೋ ಐತಿ, ಹೋಗಬ್ಯಾಡ ಅನ್ನಾಕ ನಾ ಯಾರು. ಆದ್ರ ಹೋಗಬ್ಯಾಡ."

ಒಂದಕ್ಷರವೂ ತಪ್ಪದೆ ನನಗೆ ಚೆನ್ನಾಗಿಯೇ ಕೇಳಿಸಿತು.

"ಕೇಳಸ್ಲಿಲ್ಲ," ಎಂದೆ. "ಇನ್ನೊಮ್ಮೆ ಹೇಳ್ರಿ."